ವಿದೇಶದಲ್ಲಿ ಹುಟ್ಟಿದ ಮಕ್ಕಳ ಪೌರತ್ವ: ಆಳಂದ, ಅಫಜಲಪುರ, ಜೇವರ್ಗಿ ಸೀಮೆ

ಭಾರತದ ಗಡಿಯಾಚೆ ಹುಟ್ಟಿದ ಮಗು ತಂದೆ ಅಥವಾ ತಾಯಿಯ ಕಡೆಯಿಂದ ಪಡೆಯುವ ಭಾರತೀಯ ಪೌರತ್ವವನ್ನು ವಂಶಾನುಗತ ಪೌರತ್ವ ಎನ್ನುತ್ತಾರೆ. 1955ರ ಪೌರತ್ವ ಕಾಯ್ದೆಯ 4ನೆಯ ಕಲಂ ಇದಕ್ಕೆ ಆಧಾರ. ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳಲ್ಲಿ ಈ ಕಲಮಿನ ಪ್ರಶ್ನೆ ಏಳುವುದು ಹೆಚ್ಚಾಗಿ ಸೌದಿ, ದುಬೈ, ಕುವೈತ್, ಕತಾರ್‌ಗಳಲ್ಲಿ ದುಡಿಯುವವರ ಮನೆಗಳಲ್ಲಿ. ಅಮೆರಿಕ, ಬ್ರಿಟನ್, ಆಸ್ಟ್ರೇಲಿಯಾಗಳಿಗೆ ಹೋದ ಎಂಜಿನಿಯರು ಮತ್ತು ವೈದ್ಯರ ಕುಟುಂಬಗಳು ಆಮೇಲೆ ಸೇರಿಕೊಂಡವು. ಕಾಯ್ದೆಯ ಇಷ್ಟು ವರ್ಷಗಳ ನಡೆಯನ್ನು ನೋಡಿದರೆ ಅದು ತಂದೆಯ ರಕ್ತಸಂಬಂಧದಿಂದ ಹೊರಟು, ತಾಯಿಯನ್ನೂ ಒಳಗೊಂಡು, ಕೊನೆಗೆ ರಾಯಭಾರ ಕಚೇರಿಯ ನೋಂದಣಿ ಪುಸ್ತಕದಲ್ಲಿ ಬಂದು ನಿಂತಿದೆ. 2004ರ ಡಿಸೆಂಬರ್ 3ರಿಂದ ಈಚೆಗೆ ಹೊರದೇಶದಲ್ಲಿ ಹುಟ್ಟಿದ ಮಗುವಿನ ತಂದೆ ತಾಯಿ ಇಬ್ಬರೂ ಭಾರತೀಯರಾಗಿದ್ದರೂ, ಅಲ್ಲಿನ ಭಾರತೀಯ ಕಾನ್ಸುಲೇಟಿನಲ್ಲಿ ಜನನ ನೋಂದಣಿ ಆಗದ ಹೊರತು ಈ ಕಲಮಿನ ಪ್ರಕಾರ ಮಗು ಭಾರತದ ಪ್ರಜೆಯಲ್ಲ. "ನಮ್ಮ ಹೊಟ್ಟೀಲಿ ಹುಟ್ಟಿದ್ದು ನಮ್ಮ ದೇಶದ್ದೇ ಅಲ್ಲೇನು" ಎಂದು ಊರಿನ ಹಿರಿಯರು ಕೇಳುವ ಪ್ರಶ್ನೆಗೆ ಕಾನೂನು ಕೊಡುವ ಉತ್ತರ ಅವರು ನಿರೀಕ್ಷಿಸಿದಷ್ಟು ಸರಳವಾಗಿಲ್ಲ.

ಸೀಮೆ ಮತ್ತು ವಲಸೆ

ಮೂರೂ ತಾಲ್ಲೂಕುಗಳು ಭೀಮಾ ನದಿಯ ಆಸುಪಾಸಿನ ಕಪ್ಪು ನೆಲದವು. ತೊಗರಿ, ಜೋಳ, ಹತ್ತಿ ಮುಖ್ಯ ಬೆಳೆ. ಆಳಂದ ಮಹಾರಾಷ್ಟ್ರದ ಗಡಿಗೆ ತಾಗಿದೆ. ಅಲ್ಲಿಯ ಲಾಡ್ಲೆ ಮಶಾಯಕ ದರ್ಗಾ ಹೆಸರಾದದ್ದು. ತಾಲ್ಲೂಕಿನ ಕಡಗಂಚಿಯಲ್ಲಿ 2009ರಲ್ಲಿ ಸ್ಥಾಪನೆಯಾದ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯವಿದೆ. ದತ್ತಕ್ಷೇತ್ರ ಗಾಣಗಾಪುರ ಇರುವುದು ಅಫಜಲಪುರ ತಾಲ್ಲೂಕಿನಲ್ಲಿ. ಜೇವರ್ಗಿ ಭೀಮೆಯ ದಕ್ಷಿಣಕ್ಕಿದೆ. ಅದರ ಒಂದು ಭಾಗ ಈಗ ಯಡ್ರಾಮಿ ಎಂಬ ಬೇರೆ ತಾಲ್ಲೂಕು.

ಇಲ್ಲಿಂದ ಹೊರಟವರೆಲ್ಲ ಸಮುದ್ರ ದಾಟಿದವರಲ್ಲ. ಮಳೆ ಕೈಕೊಟ್ಟ ವರ್ಷ ಜನ ಗುಳೆ ಹೋಗುವುದು ಮುಂಬೈ, ಪುಣೆ, ಸೋಲಾಪುರ, ಬೆಂಗಳೂರಿಗೆ. ಕೊಲ್ಲಿಯ ದಾರಿ ತೆರೆದದ್ದು ತೈಲದ ಹಣ ಹರಿದ 1970ರ ದಶಕದ ನಂತರ, ಅದೂ ಹೈದರಾಬಾದಿನ ಮೂಲಕ. ಉರ್ದು ಬಲ್ಲವರಿಗೆ, ಹೈದರಾಬಾದಿನಲ್ಲಿ ನೆಂಟರಿದ್ದವರಿಗೆ, ಕಲಬುರಗಿಯಲ್ಲಿ ಡಿಪ್ಲೊಮಾ ಅಥವಾ ಎಂಜಿನಿಯರಿಂಗ್ ಓದಿದವರಿಗೆ ಆ ದಾರಿ ಸಲೀಸಾಯಿತು. ವಿಮಾನ ಹತ್ತುವುದು ಇಂದಿಗೂ ಹೆಚ್ಚಾಗಿ ಹೈದರಾಬಾದಿನ ಶಂಷಾಬಾದ್ ನಿಲ್ದಾಣದಲ್ಲೇ. 2019ರ ನವೆಂಬರಿನಲ್ಲಿ ಕಲಬುರಗಿಗೆ ವಿಮಾನ ನಿಲ್ದಾಣ ಬಂದರೂ ಅಲ್ಲಿಂದ ನೇರ ಜಿದ್ದಾ ಅಥವಾ ದುಬೈಗೆ ಹಾರುವಂತಾಗಿಲ್ಲ.

ನಿಜಾಮರ ಕಾಲದ ಹುಟ್ಟು ಮತ್ತು ವಂಶ

ತಂದೆಯಿಂದ ಮಗನಿಗೆ ಪ್ರಜಾಸ್ಥಾನ ಇಳಿದು ಬರುವ ಕಲ್ಪನೆ ಈ ಸೀಮೆಗೆ 1955ರಲ್ಲಿ ಬಂದದ್ದಲ್ಲ. 1948ರ ಸೆಪ್ಟೆಂಬರಿನವರೆಗೆ ಈ ಮೂರೂ ತಾಲ್ಲೂಕುಗಳು ಹೈದರಾಬಾದ್ ಸಂಸ್ಥಾನದ ಗುಲ್ಬರ್ಗಾ ಜಿಲ್ಲೆಯ ಸೀಮೆ. ಅಲ್ಲಿ ಸರ್ಕಾರಿ ನೌಕರಿಗೆ 'ಮುಲ್ಕಿ' ಆಗಿರಬೇಕಿತ್ತು. ಹೊರಗಿನವನು 'ಗೈರ್ ಮುಲ್ಕಿ'. ಸಂಸ್ಥಾನದ ಸೇವಾ ನಿಯಮಗಳ ಪ್ರಕಾರ, ಹುಟ್ಟುವಾಗ ಯಾರ ತಂದೆ ಮುಲ್ಕಿಯಾಗಿದ್ದನೋ ಅವನು ಹುಟ್ಟಿನಿಂದ ಹೈದರಾಬಾದಿನ ಪ್ರಜೆ. ಎಲ್ಲಿ ಹುಟ್ಟಿದ ಎಂಬುದಕ್ಕಿಂತ ಯಾರಿಗೆ ಹುಟ್ಟಿದ ಎಂಬುದು ಮೊದಲು. ಹೊರಗಿನಿಂದ ಬಂದವನಿಗೆ 15 ವರ್ಷ ಕಾಯಂ ವಾಸದ ಮೂಲಕ ಮುಲ್ಕಿಯಾಗುವ ದಾರಿಯಿತ್ತು. ಮುಲ್ಕಿಯನ್ನು ಮದುವೆಯಾದ ಹೆಂಗಸು ಮುಲ್ಕಿಯಾಗುತ್ತಿದ್ದಳು. ಮುಲ್ಕಿ ಹೆಂಗಸನ್ನು ಮದುವೆಯಾದ ಹೊರಗಿನ ಗಂಡಸಿಗೆ ಆ ಲಾಭವಿರಲಿಲ್ಲ. ತಾಯಿಯ ಕಡೆಯ ಲೆಕ್ಕವೇ ಇರದ ಈ ಏರ್ಪಾಡು ಆ ಕಾಲದ ಬ್ರಿಟಿಷ್ ಕಾನೂನಿಗಿಂತ ಬೇರೆಯೇನೂ ಆಗಿರಲಿಲ್ಲ.

ಬ್ರಿಟಿಷ್ ಕಾನೂನಿನಲ್ಲಿ ಭೀಮೆಯ ಎರಡು ದಡಗಳ ಸ್ಥಾನ ಬೇರೆ ಬೇರೆ. ಅಫಜಲಪುರದ ಆಚೆ ದಡದ ಇಂಡಿ, ಸಿಂದಗಿಗಳು ಮುಂಬೈ ಪ್ರಾಂತದ ವಿಜಾಪುರ ಜಿಲ್ಲೆಗೆ ಸೇರಿದ್ದವು. ಅಲ್ಲಿ ಹುಟ್ಟಿದವನು ಬ್ರಿಟಿಷ್ ಪ್ರಜೆ. ಈಚೆ ದಡದವನು ನಿಜಾಮರ ಪ್ರಜೆ, ಬ್ರಿಟಿಷರ ಪಾಲಿಗೆ ಬರೀ 'ಬ್ರಿಟಿಷ್ ರಕ್ಷಿತ ವ್ಯಕ್ತಿ'. ಎರಡೂ ದಡದಲ್ಲಿ ಒಂದೇ ಮಾತು, ಒಂದೇ ಜಾತ್ರೆ, ಕೊಡುಕೊಳ್ಳುವ ನೆಂಟಸ್ತಿಕೆ. ಬೊಂಬಾಯಿಯಿಂದ ಹಡಗು ಹತ್ತಿದಾಗ ಮಾತ್ರ ಕಾಗದ ಬೇರೆಯಾಗುತ್ತಿತ್ತು. ಬ್ರಿಟಿಷ್ ಪ್ರಜೆಯ ಮಗು ಸಾಮ್ರಾಜ್ಯದ ಹೊರಗೆ ಹುಟ್ಟಿದರೂ ತಂದೆಯ ಮೂಲಕ ಪ್ರಜೆಯಾಗಬಹುದೆಂದು 1914ರ ಬ್ರಿಟಿಷ್ ರಾಷ್ಟ್ರೀಯತಾ ಕಾಯ್ದೆ ಹೇಳಿತ್ತು. 1922ರ ತಿದ್ದುಪಡಿ ಹೊರದೇಶದಲ್ಲಿ ತಲೆಮಾರು ಬೆಳೆದವರಿಗೆ ಒಂದು ಷರತ್ತು ಹಾಕಿತು: ಹುಟ್ಟಿದ ಒಂದು ವರ್ಷದೊಳಗೆ ಬ್ರಿಟಿಷ್ ಕಾನ್ಸುಲೇಟಿನಲ್ಲಿ ನೋಂದಣಿ. ಇಂದು ರಿಯಾದಿನಲ್ಲಿ ಕೂಸು ಎತ್ತಿಕೊಂಡು ಸಾಲಿನಲ್ಲಿ ನಿಲ್ಲುವ ಆಳಂದದ ದಂಪತಿಯ ತಲೆಯ ಮೇಲಿರುವ ಒಂದು ವರ್ಷದ ಗಡುವಿನ ಮೂಲ ಇದು.

ಸಂಸ್ಥಾನ ಭಾರತದ ವಶವಾದ 1948ರ ಪೊಲೀಸ್ ಕಾರ್ಯಾಚರಣೆಯ ನಂತರ ವಂಶದ ಪ್ರಶ್ನೆ ಬೇರೆ ರೂಪದಲ್ಲಿ ಎದ್ದಿತು. ನಿಜಾಮರ ಅನಿಯತ ಸೈನ್ಯದಲ್ಲಿ ಯೆಮನ್ ಕಡೆಯ ಹದ್ರಮೌತ್ ಮೂಲದ ಅರಬರೂ ಪಠಾಣರೂ ಇದ್ದರು. ಅವರಲ್ಲಿ ಅನೇಕರು ಇಲ್ಲೇ ಹುಟ್ಟಿ, ಇಲ್ಲಿಯ ಹೆಂಗಸರನ್ನು ಮದುವೆಯಾಗಿ ಮಕ್ಕಳನ್ನು ಪಡೆದಿದ್ದರು. ಹೊಸ ಸರ್ಕಾರ ಅವರನ್ನು ಪರದೇಶಿಯರೆಂದು ಎಣಿಸಿ ಏಡನ್ ಮುಂತಾದೆಡೆಗೆ ಕಳುಹಿಸಲು ಹೊರಟಿತು. ಮಕ್ಕಳು ತಂದೆಯವರೋ ಮಣ್ಣಿನವರೋ ಎಂಬ ತಕರಾರು ವರ್ಷಗಟ್ಟಲೆ ನಡೆಯಿತು. ಈ ಅಧ್ಯಾಯ ಕನ್ನಡದ ಇತಿಹಾಸ ಬರಹದಲ್ಲಿ ಸಿಗಬೇಕಾದಷ್ಟು ಜಾಗ ಪಡೆದಿಲ್ಲ.

ಸಾಮಾನ್ಯ ಮುಲ್ಕಿ ರೈತನಿಗೆ ಈ ಗೊಂದಲವಿರಲಿಲ್ಲ. ನಿಜಾಮರು 1949ರ ನವೆಂಬರಿನಲ್ಲಿ ಭಾರತದ ಸಂವಿಧಾನವನ್ನು ಒಪ್ಪಿ ಫರ್ಮಾನು ಹೊರಡಿಸಿದರು. ಸಂವಿಧಾನದ 5ನೆಯ ವಿಧಿ ದೇಶದಲ್ಲಿ ನೆಲೆಸಿ ಇಲ್ಲೇ ಹುಟ್ಟಿದವರನ್ನೆಲ್ಲ ಪ್ರಜೆಗಳನ್ನಾಗಿ ಮಾಡಿತು. ಹೊರದೇಶದಲ್ಲಿದ್ದ ಭಾರತೀಯ ಮೂಲದವರಿಗೆ 8ನೆಯ ವಿಧಿ ರಾಯಭಾರ ಕಚೇರಿಯಲ್ಲಿ ನೋಂದಾಯಿಸಿಕೊಳ್ಳುವ ಅವಕಾಶ ಕೊಟ್ಟಿತು. 1947ರ ಮಾರ್ಚ್ 1ರ ನಂತರ ಪಾಕಿಸ್ತಾನಕ್ಕೆ ಹೋದವರನ್ನು 7ನೆಯ ವಿಧಿ ಹೊರಗಿಟ್ಟಿತು.

4ನೆಯ ಕಲಂ: ಮೂರು ಕಾಲ, ಮೂರು ನಿಯಮ

ಗೋವಿಂದ ವಲ್ಲಭ ಪಂತರು ಗೃಹಮಂತ್ರಿಯಾಗಿದ್ದಾಗ ಸಂಸತ್ತು ಅಂಗೀಕರಿಸಿದ ಪೌರತ್ವ ಕಾಯ್ದೆಗೆ 1955ರ ಡಿಸೆಂಬರ್ 30ರಂದು ಅಂಕಿತ ಬಿತ್ತು. ಹೊರಗೆ ಹುಟ್ಟಿದವರ ವಿಷಯದಲ್ಲಿ ಈ ಕಾಯ್ದೆಯನ್ನು ಓದುವಾಗ ಮೊದಲು ಕೇಳಬೇಕಾದದ್ದು ಹುಟ್ಟಿದ ತಾರೀಖು. ಊರು, ಆಸ್ಪತ್ರೆ ಆಮೇಲೆ.

1950ರ ಜನವರಿ 26ರಿಂದ 1992ರ ಡಿಸೆಂಬರ್ 10ರ ಮುಂಚಿನವರೆಗೆ ಹುಟ್ಟಿದವರಿಗೆ ತಂದೆ ಭಾರತೀಯನಾಗಿರಬೇಕು. ತಾಯಿ ಅಪ್ಪಟ ಜೇವರ್ಗಿಯವಳಾಗಿದ್ದರೂ ತಂದೆ ಪರದೇಶಿಯಾಗಿದ್ದರೆ ಮಗುವಿಗೆ ಈ ಕಲಮಿನಲ್ಲಿ ಜಾಗವಿರಲಿಲ್ಲ. 1992ರ ತಿದ್ದುಪಡಿ ಇದನ್ನು ಸರಿಪಡಿಸಿತು: ಹೆತ್ತವರಲ್ಲಿ ಯಾರಾದರೊಬ್ಬರು ಭಾರತೀಯರಾಗಿದ್ದರೆ ಸಾಕು. ಮರುದಿನ, 1992ರ ಡಿಸೆಂಬರ್ 11ರಂದು, ಭಾರತ ಮಕ್ಕಳ ಹಕ್ಕುಗಳ ಒಡಂಬಡಿಕೆಗೂ ಸೇರಿತು. ಪ್ರತಿ ಮಗುವಿಗೂ ಹೆಸರು, ನೋಂದಣಿ, ರಾಷ್ಟ್ರೀಯತೆ ಸಿಗಬೇಕೆನ್ನುತ್ತದೆ ಅದರ 7ನೆಯ ವಿಧಿ. ಆದರೆ ತಿದ್ದುಪಡಿ ಹಿಂದಕ್ಕೆ ಅನ್ವಯಿಸಲಿಲ್ಲ. ಒಬ್ಬ ತಾಯಿಗೆ 1990ರಲ್ಲಿ ಹುಟ್ಟಿದ ಮಗ ಹೊರಗುಳಿದು, 1994ರಲ್ಲಿ ಹುಟ್ಟಿದ ಮಗಳು ಒಳಗೆ ಬರುವ ಸ್ಥಿತಿ ಉಂಟಾಯಿತು. ನ್ಯಾಯದ ಹೆಸರಿನಲ್ಲಿ ತಂದ ತಿದ್ದುಪಡಿಗೆ ಹೀಗೆ ತಾರೀಖಿನ ಗೆರೆ ಎಳೆದದ್ದು ಕಾಯ್ದೆಯ ದೊಡ್ಡ ಕೊರತೆ.

ಈ ಎರಡೂ ಕಾಲಗಳಲ್ಲಿ ಇನ್ನೊಂದು ತಡೆಯಿತ್ತು. ಪೌರತ್ವ ದಾಟಿಸುವ ತಂದೆ ಅಥವಾ ತಾಯಿಯೇ ಹೊರಗೆ ಹುಟ್ಟಿ ವಂಶಾನುಗತವಾಗಿ ಪ್ರಜೆಯಾದವರಾಗಿದ್ದರೆ, ಮಗುವಿನ ಜನನವನ್ನು ಒಂದು ವರ್ಷದೊಳಗೆ ಕಾನ್ಸುಲೇಟಿನಲ್ಲಿ ನೋಂದಾಯಿಸಬೇಕಿತ್ತು. ಆ ತಂದೆ ಅಥವಾ ತಾಯಿ ಸರ್ಕಾರಿ ಸೇವೆಯಲ್ಲಿದ್ದರೆ ವಿನಾಯಿತಿ. ಊರಲ್ಲಿ ಹುಟ್ಟಿ ಸೌದಿಗೆ ಹೋದ ಮೊದಲ ತಲೆಮಾರಿನವನ ಮಗುವಿಗೆ ಈ ತಡೆ ತಾಗುತ್ತಿರಲಿಲ್ಲ. 1985ರಲ್ಲಿ ದಮ್ಮಾಮಿನಲ್ಲಿ ಹುಟ್ಟಿದ ಕೂಸಿನ ತಂದೆ ಕಾನ್ಸುಲೇಟಿನ ಕಡೆ ತಲೆ ಹಾಕದಿದ್ದರೂ ಕೂಸು ಹುಟ್ಟಿದ ಗಳಿಗೆಯಿಂದಲೇ ಭಾರತೀಯ.

ಈ ನಿರಾಳ 2003ರ ತಿದ್ದುಪಡಿಯೊಂದಿಗೆ ಮುಗಿಯಿತು. ಅದು ಜಾರಿಗೆ ಬಂದದ್ದು 2004ರ ಡಿಸೆಂಬರ್ 3ರಂದು. ಅಂದಿನಿಂದ ಎಲ್ಲ ತಲೆಮಾರಿನವರಿಗೂ ನೋಂದಣಿ ಕಡ್ಡಾಯ. ವರ್ಷದ ಗಡುವು ಮೀರಿದರೆ ಕೇಂದ್ರ ಸರ್ಕಾರದ ಅನುಮತಿ ಬೇಕು. ಮಗುವಿನ ಬಳಿ ಬೇರೆ ದೇಶದ ಪಾಸ್‌ಪೋರ್ಟ್ ಇಲ್ಲವೆಂದು ತಂದೆ ತಾಯಿ ಬರೆದು ಕೊಡಬೇಕು. ಹುಟ್ಟಿದ ನೆಲದ ಪೌರತ್ವವೂ ಮಗುವಿಗೆ ತಾನಾಗಿ ಬಂದಿದ್ದರೆ, 18 ತುಂಬಿದ ಆರು ತಿಂಗಳೊಳಗೆ ಅದನ್ನು ಬಿಡಬೇಕು. ಬಿಡದಿದ್ದರೆ ಭಾರತದ ಪೌರತ್ವ ಹೋಗುತ್ತದೆ. ಬಿಗಿಯ ಜೊತೆಗೆ ಕಾಯ್ದೆ ಒಂದು ಸಡಿಲವನ್ನೂ ಇಟ್ಟಿದೆ: ಅನುಮತಿ ಪಡೆಯದೆ ತಡವಾಗಿ ನೋಂದಣಿ ಆಗಿಬಿಟ್ಟಿದ್ದರೆ, ಅದನ್ನು ಅನುಮತಿ ಪಡೆದದ್ದೆಂದೇ ಭಾವಿಸಲು ಸರ್ಕಾರ ಆದೇಶಿಸಬಹುದು.

ಜನಕ್ಕೆ ಕುತೂಹಲ ಹುಟ್ಟಿಸುವ ಎರಡು ಉಪನಿಯಮಗಳು 2ನೆಯ ಕಲಮಿನಲ್ಲಿವೆ. ವಿಮಾನ ಅಥವಾ ಹಡಗಿನಲ್ಲಿ ಹುಟ್ಟಿದ ಮಗು ಆ ವಿಮಾನ, ಹಡಗು ಯಾವ ದೇಶದಲ್ಲಿ ನೋಂದಣಿಯಾಗಿದೆಯೋ ಅಲ್ಲಿ ಹುಟ್ಟಿದಂತೆ ಲೆಕ್ಕ. ತಂದೆ ತೀರಿಕೊಂಡ ಮೇಲೆ ಹುಟ್ಟಿದ ಮಗುವಿಗೆ, ತಂದೆ ಸಾಯುವಾಗ ಯಾವ ದೇಶದವನಾಗಿದ್ದನೋ ಅದೇ ಪ್ರಮಾಣ. ಕಟ್ಟಡ ಕೆಲಸದಲ್ಲಿ, ರಸ್ತೆ ಅಪಘಾತದಲ್ಲಿ ಗಂಡನನ್ನು ಕಳೆದುಕೊಂಡ ಬಸುರಿಯರ ಮಟ್ಟಿಗೆ ಈ ಎರಡನೆಯ ಸಾಲು ಬರೀ ಕುತೂಹಲದ ಮಾತಲ್ಲ.

ತವರಿನ ಹೆರಿಗೆ

ಕೊಲ್ಲಿ ದೇಶಗಳಲ್ಲಿ ರಾಷ್ಟ್ರೀಯತೆ ನಡೆಯುವುದು ತಂದೆಯ ವಂಶದ ಮೇಲೆ. 1954ರ ಸೌದಿ ಕಾನೂನು, 1959ರ ಕುವೈತ್ ಕಾನೂನು, 1972ರ ಯುಎಇ ಕಾನೂನು, ಎಲ್ಲದರ ತಿರುಳೂ ಇದೇ. ಭಾರತೀಯ ದಂಪತಿಗೆ ಅಲ್ಲಿ ಹುಟ್ಟಿದ ಮಗುವಿಗೆ ಆ ನೆಲದ ಪೌರತ್ವ ಸಿಗುವ ಮಾತೇ ಇಲ್ಲ. ಹಾಗಾಗಿ ಭಾರತದ ನೋಂದಣಿ ತಪ್ಪಿದರೆ ಮಗು ಎರಡೂ ಕಡೆ ಹೊರಗೆ.

ಆದರೂ ಈ ಸೀಮೆಯ ಕೊಲ್ಲಿ ಕುಟುಂಬಗಳ ಬಹಳಷ್ಟು ಮಕ್ಕಳಿಗೆ 4ನೆಯ ಕಲಂ ತಾಗುವುದೇ ಇಲ್ಲ. ಕಾರಣ ಎರಡು. ಮೊದಲನೆಯದು ಸಂಬಳ. ಕೂಲಿ, ಚಾಲಕ, ಸಹಾಯಕ ಎಂಬ ವರ್ಗದ ವೀಸಾದ ಮೇಲೆ ಹೋದವನಿಗೆ ಹೆಂಡತಿಯನ್ನು ಕರೆಸಿಕೊಳ್ಳುವ ಅವಕಾಶ ಸಾಮಾನ್ಯವಾಗಿ ಇರುವುದಿಲ್ಲ. ಅವನ ಮಕ್ಕಳು ಆಳಂದದಲ್ಲೋ ಕಲಬುರಗಿಯ ಜಿಲ್ಲಾ ಆಸ್ಪತ್ರೆಯಲ್ಲೋ ಹುಟ್ಟುತ್ತಾರೆ, ತಂದೆ ಮಗುವಿನ ಮುಖ ನೋಡುವುದು ರಜೆಗೆ ಬಂದಾಗ. ಎರಡನೆಯದು ಚೊಚ್ಚಲ ಹೆರಿಗೆ ತವರಿನಲ್ಲಿ ಆಗಬೇಕೆಂಬ ರೂಢಿ. ಜಿದ್ದಾದಲ್ಲಿ ಗಂಡನ ಜೊತೆ ಸಂಸಾರ ಹೂಡಿದವಳೂ ಏಳು ತಿಂಗಳಿಗೆ ಅಫಜಲಪುರಕ್ಕೆ ಬರುತ್ತಾಳೆ. 28 ವಾರ ದಾಟಿದ ಬಸುರಿಯನ್ನು ವಿಮಾನಕ್ಕೆ ಹತ್ತಿಸಲು ವೈದ್ಯರ ಪತ್ರ ಕೇಳುತ್ತಾರಾದ್ದರಿಂದ ಕುಬಸದ ದಿನವನ್ನೂ ಟಿಕೆಟಿನ ತಾರೀಖನ್ನೂ ಹೊಂದಿಸುವುದು ಮನೆಯ ಹೆಂಗಸರ ಕೆಲಸ. ಹೀಗೆ ಹುಟ್ಟಿದ ಮಗುವಿಗೆ ಅನ್ವಯಿಸುವುದು ಭಾರತದೊಳಗಿನ ಜನನದ 3ನೆಯ ಕಲಂ. ಹೆತ್ತವರಿಬ್ಬರೂ ಭಾರತೀಯರಾದ್ದರಿಂದ ಅದು ಹುಟ್ಟಿನಿಂದಲೇ ಪ್ರಜೆ. ಕಾನ್ಸುಲೇಟಿನ ಗಡುವಿನ ಗೊಡವೆ ಇಲ್ಲ. ತವರು ಮನೆಯ ಪದ್ಧತಿ ಈ ಕುಟುಂಬಗಳಿಗೆ ಮಾಡಿಕೊಟ್ಟಷ್ಟು ಅನುಕೂಲವನ್ನು ಯಾವ ತಿದ್ದುಪಡಿಯೂ ಮಾಡಿಕೊಟ್ಟಿಲ್ಲ.

ತೊಡಕು ಬೇರೆ ಕಡೆ ಇದೆ. ಕೂಸಿಗೆ ಪಾಸ್‌ಪೋರ್ಟ್ ಮಾಡಿಸಿ ವೀಸಾ ಬರುವವರೆಗೆ ತಾಯಿ ಕಾಯಬೇಕು. ಅಷ್ಟರಲ್ಲಿ ಅವಳ ಸ್ವಂತ ಮರುಪ್ರವೇಶದ ವೀಸಾ ಮುಗಿದರೆ ಇಖಾಮಾ, ಅಂದರೆ ಅಲ್ಲಿಯ ವಾಸದ ಪರವಾನಗಿ, ಕೈತಪ್ಪುತ್ತದೆ. ಬೆಂಗಳೂರಿನ ಪ್ರಾದೇಶಿಕ ಕಚೇರಿಯ ಅಧೀನದಲ್ಲಿ ಕಲಬುರಗಿಯಲ್ಲೇ ಪಾಸ್‌ಪೋರ್ಟ್ ಸೇವಾ ಕೇಂದ್ರ ಬಂದ ಮೇಲೆ ಈ ಓಡಾಟ ಕಡಿಮೆಯಾಗಿದೆ.

2017ರ ಜುಲೈನಿಂದ ಸೌದಿ ಸರ್ಕಾರ ವಿದೇಶಿ ನೌಕರರ ಅವಲಂಬಿತರ ಮೇಲೆ ತಿಂಗಳಿಗೆ ತಲೆಗೆ 100 ರಿಯಾಲ್ ಶುಲ್ಕ ಹಾಕಿತು. ವರ್ಷವರ್ಷವೂ 100 ಏರಿಸುತ್ತ 2020ಕ್ಕೆ ಅದನ್ನು 400ಕ್ಕೆ ತಂದಿತು. ಹೆಂಡತಿ, ಇಬ್ಬರು ಮಕ್ಕಳಿದ್ದವನಿಗೆ ವರ್ಷಕ್ಕೆ 14,400 ರಿಯಾಲ್. ಈ ಲೆಕ್ಕ ತಾಳದೆ ಅನೇಕರು ಸಂಸಾರವನ್ನು ಊರಿಗೆ ಕಳಿಸಿದರು. ದಮ್ಮಾಮಿನ ಭಾರತೀಯ ಶಾಲೆಯಲ್ಲಿ ಓದುತ್ತಿದ್ದ ಮಕ್ಕಳು ಕಲಬುರಗಿಯ ಶಾಲೆಗಳಿಗೆ ಸೇರಿದರು. ಅಲ್ಲಿ ಹುಟ್ಟಿದ ಮಗುವಿನ ಕಾಗದಪತ್ರ ನೆಟ್ಟಗಿದೆಯೋ ಇಲ್ಲವೋ ಎಂಬುದು ಮೊದಲ ಬಾರಿಗೆ ಪರೀಕ್ಷೆಗೆ ಬರುವುದು ಶಾಲೆಯ ದಾಖಲಾತಿಯ ದಿನವೇ.

ನೋಂದಣಿಯ ನಡೆ

ಕೊಲ್ಲಿಯಲ್ಲೇ ಹೆರಿಗೆಯಾದರೆ ಕಾಗದದ ಸರಪಳಿ ಆಸ್ಪತ್ರೆಯಿಂದ ಶುರು. ಆಸ್ಪತ್ರೆ ಜನನದ ಸೂಚನಾ ಪತ್ರ ಕೊಡುತ್ತದೆ. ಅದನ್ನು ಹಿಡಿದು ಅಲ್ಲಿಯ ಸರ್ಕಾರದಿಂದ ಅರಬಿ ಭಾಷೆಯ ಜನನ ಪ್ರಮಾಣಪತ್ರ ಪಡೆಯಬೇಕು. ಅದಕ್ಕೆ ಇಂಗ್ಲಿಷ್ ಅನುವಾದ ಬೇಕು. ಇವುಗಳ ಜೊತೆ ಹೆತ್ತವರ ಪಾಸ್‌ಪೋರ್ಟ್, ಇಖಾಮಾ, ಮದುವೆಯ ದಾಖಲೆ ಸೇರಿಸಿ ರಿಯಾದಿನ ರಾಯಭಾರ ಕಚೇರಿಗೋ ಜಿದ್ದಾದ ಕಾನ್ಸುಲೇಟಿಗೋ ಸಲ್ಲಿಸುತ್ತಾರೆ. ಅರ್ಜಿಯ ನಮೂನೆ 2009ರ ಪೌರತ್ವ ನಿಯಮಗಳಲ್ಲಿದೆ. ಸಾಮಾನ್ಯವಾಗಿ ಜನನ ನೋಂದಣಿಯೂ ಮೊದಲ ಪಾಸ್‌ಪೋರ್ಟೂ ಒಟ್ಟಿಗೇ ಆಗುವುದರಿಂದ ಜನ ಎರಡನ್ನೂ ಒಂದೇ ಎಂದು ತಿಳಿಯುತ್ತಾರೆ. ಪಾಸ್‌ಪೋರ್ಟ್ ಪೌರತ್ವದ ಗುರುತು ಮಾತ್ರ. ಪೌರತ್ವ ಹುಟ್ಟುವುದು ನೋಂದಣಿಯಿಂದ. ಪಾಸ್‌ಪೋರ್ಟ್ ಬಂದ ಮೇಲೆ ಮಗುವಿನ ಹೆಸರನ್ನು ತಂದೆಯ ಇಖಾಮಾಕ್ಕೆ ಸೇರಿಸುವುದು. ಯುಎಇಯಲ್ಲಿ ಹುಟ್ಟಿದ 120 ದಿನಗಳೊಳಗೆ ವಾಸದ ವೀಸಾ ಆಗದಿದ್ದರೆ ದಂಡ ಏರತೊಡಗುತ್ತದೆ. ಆದ್ದರಿಂದ ಭಾರತದ ಕಾನೂನು ಒಂದು ವರ್ಷ ಕೊಟ್ಟರೂ ಅಲ್ಲಿಯ ನಿಯಮ ಅದಕ್ಕಿಂತ ಮೊದಲೇ ಬೆನ್ನು ಹತ್ತುತ್ತದೆ. ಸರಿಯಾದ ವೀಸಾ ಇಟ್ಟುಕೊಂಡವರು ಗಡುವು ತಪ್ಪಿಸುವುದು ಅಪರೂಪವಾಗಲು ಇದೇ ಕಾರಣ.

ಹೆಸರಿನ ಗೋಜಲು ಮಾತ್ರ ಎಲ್ಲರಿಗೂ ಇದ್ದದ್ದೇ. ಅರಬಿ ಲಿಪಿಯಲ್ಲಿ 'ಪ' ಅಕ್ಷರವಿಲ್ಲ. ಪಾಟೀಲ ಎಂಬ ಅಡ್ಡಹೆಸರು ಅಲ್ಲಿಯ ಪ್ರಮಾಣಪತ್ರದಲ್ಲಿ 'ಬಾತೀಲ್' ಆಗುತ್ತದೆ, ಮತ್ತೆ ಇಂಗ್ಲಿಷಿಗೆ ಬರುವಾಗ ಅನುವಾದಕನ ಕೈಗುಣದಂತೆ ಬಾಟಿಲ್, ಬತೀಲ್ ಏನಾದರೂ ಆಗಬಹುದು. ತಂದೆಯ ಪಾಸ್‌ಪೋರ್ಟಿನಲ್ಲಿ ಪಾಟೀಲ, ಮಗುವಿನ ಪ್ರಮಾಣಪತ್ರದಲ್ಲಿ ಬಾತೀಲ್ ಎಂದಿದ್ದರೆ ಕಿಟಕಿಯಾಚೆ ಕೂತವರು ಕಡತ ವಾಪಸು ಮಾಡುತ್ತಾರೆ. ಇತ್ತ ಊರಿನ ಕಾಗದಗಳಲ್ಲಿ ಅಡ್ಡಹೆಸರು ಒಮ್ಮೆ ಮುಂದೆ, ಒಮ್ಮೆ ಹಿಂದೆ. ಶಾಲೆಯ ವರ್ಗಾವಣೆ ಪತ್ರದಲ್ಲಿ (ಟಿಸಿ) ತಂದೆಯ ಹೆಸರು ನಡುವೆ, ಪಡಿತರ ಚೀಟಿಯಲ್ಲಿ ಇಲ್ಲವೇ ಇಲ್ಲ. ತಂದೆಯ ಜನ್ಮದಿನ ಜೂನ್ 1 ಎಂದಿದ್ದರೆ ಅದು ಶಾಲೆಗೆ ಸೇರಿಸಿದ ಮಾಸ್ತರರ ಕೊಡುಗೆ. ಈ ಭಾಗದಲ್ಲಿ ಅರ್ಧ ಊರೇ ಅಂದು ಹುಟ್ಟಿದೆ. ಇದಕ್ಕೆ ಸೇರಿಕೊಂಡದ್ದು ಜಿಲ್ಲೆಯ ಹೆಸರು. 2014ರ ನವೆಂಬರ್ 1ರಂದು ಗುಲ್ಬರ್ಗಾ ಕಲಬುರಗಿಯಾಯಿತು; ತಂದೆಯ ಹಳೆಯ ಪಾಸ್‌ಪೋರ್ಟಿನಲ್ಲಿ ಒಂದು, ಹೊಸ ದಾಖಲೆಯಲ್ಲಿ ಇನ್ನೊಂದು. ನಿಕಾಹ್‌ನಾಮಾ ಉರ್ದುವಿನಲ್ಲಿದ್ದರೆ ಅದಕ್ಕೂ ಅನುವಾದ. ಗುಡಿಯಲ್ಲಿ ತಾಳಿ ಕಟ್ಟಿ ಉಪನೋಂದಣಿ ಕಚೇರಿಗೆ ಹೋಗದವರಿಗೆ ಅಫಿಡವಿಟ್.

ಕಾಗದವಿಲ್ಲದ ಮಕ್ಕಳು

ಗಡುವು ನಿಜವಾಗಿ ತಪ್ಪುವುದು ವೀಸಾ ಮುಗಿದವರ ಮನೆಗಳಲ್ಲಿ. ಕಫೀಲನನ್ನು (ವೀಸಾ ಕೊಡಿಸಿದ ಪ್ರಾಯೋಜಕನನ್ನು) ಬಿಟ್ಟು ಹೊರಗೆ ದುಡಿಯುವವನು, ಮಾಲೀಕನ ಮನೆಯಿಂದ ತಪ್ಪಿಸಿಕೊಂಡು ಬಂದ ಕೆಲಸದಾಕೆ ಹೆರಿಗೆಗೆ ಸರ್ಕಾರಿ ಆಸ್ಪತ್ರೆಗೆ ಹೋಗಲು ಹೆದರುತ್ತಾರೆ. ಹೋದರೂ ಇಖಾಮಾ ಇಲ್ಲದೆ ಜನನ ಪ್ರಮಾಣಪತ್ರ ಸಿಗುವುದು ಕಷ್ಟ. ಅದು ಇಲ್ಲದೆ ಕಾನ್ಸುಲೇಟಿನ ನೋಂದಣಿ ಮುಂದೆ ಸಾಗುವುದಿಲ್ಲ. ಮದುವೆಯ ದಾಖಲೆ ಇಲ್ಲದವರ ಮಗುವಿನ ಪಾಡು ಇನ್ನೂ ಬಿಗಿ; ಮದುವೆಯ ಹೊರಗಿನ ಸಂಬಂಧ ಅಲ್ಲಿ ಬಹುಕಾಲ ನೇರ ಅಪರಾಧವಾಗಿತ್ತು, ಹಲವು ಕಡೆ ಈಗಲೂ ಹೌದು.

ಇಂಥ ಕುಟುಂಬಗಳು ಬೆಳಕಿಗೆ ಬರುವುದು ಆಗೀಗ ಘೋಷಣೆಯಾಗುವ ಕ್ಷಮಾದಾನದ ಅವಧಿಗಳಲ್ಲಿ. ಸೌದಿಯಲ್ಲಿ 2013 ಮತ್ತು 2017ರಲ್ಲಿ, ಯುಎಇಯಲ್ಲಿ 2018 ಮತ್ತು 2024ರಲ್ಲಿ ಇಂಥ ಅವಕಾಶ ಬಂದಿತ್ತು. ಆಗ ರಾಯಭಾರ ಕಚೇರಿ ತುರ್ತು ಪ್ರಯಾಣ ಪತ್ರ ಕೊಡುತ್ತದೆ; ಜನ ಇದನ್ನು 'ಔಟ್‌ಪಾಸ್' ಎನ್ನುತ್ತಾರೆ. ಊರು ಸೇರಲು ಅದು ಸಾಕು, ಊರಲ್ಲಿ ಬಾಳಲು ಸಾಲದು.

ಮರಳಿ ಬಂದವರಿಗೆ ಹೆಚ್ಚು ಜನಕ್ಕೆ ಗೊತ್ತಿಲ್ಲದ ಒಂದು ದಾರಿಯಿದೆ. 1969ರ ಜನನ ಮರಣ ನೋಂದಣಿ ಕಾಯ್ದೆಯ 20ನೆಯ ಕಲಮಿನ ಪ್ರಕಾರ, ಕಾನ್ಸುಲೇಟಿನಿಂದ ಮಾಹಿತಿ ಬಂದಿರದ ಮಗುವನ್ನು ಕರೆದುಕೊಂಡು ಹೆತ್ತವರು ಭಾರತದಲ್ಲಿ ನೆಲೆಸಲು ಬಂದರೆ, ಮಗು ಬಂದ 60 ದಿನಗಳೊಳಗೆ ಇಲ್ಲೇ ಹುಟ್ಟಿದ್ದರೆ ಹೇಗೋ ಹಾಗೆ ಜನನವನ್ನು ನೋಂದಾಯಿಸಬಹುದು. 60 ದಿನ ದಾಟಿದರೆ ತಡವಾದ ನೋಂದಣಿಯ ನಿಯಮಗಳು. 2023ರ ಅಕ್ಟೋಬರ್ 1ರ ನಂತರ ಹುಟ್ಟಿದವರಿಗೆ ಶಾಲೆ, ಪಾಸ್‌ಪೋರ್ಟ್, ಮತದಾರರ ಪಟ್ಟಿಗೆಲ್ಲ ಜನನ ಪ್ರಮಾಣಪತ್ರವೇ ಮೂಲ ದಾಖಲೆಯಾಗಿರುವುದರಿಂದ ಈ ಕಲಮಿನ ತೂಕ ಹೆಚ್ಚಿದೆ. ಆದರೆ ಈ ನೋಂದಣಿ ಹುಟ್ಟಿದ್ದಕ್ಕೆ ಸಾಕ್ಷಿ. ಪೌರತ್ವ ಕಾಯ್ದೆಯ 4ನೆಯ ಕಲಮಿನ ಷರತ್ತನ್ನು ಅದು ತೀರಿಸುವುದಿಲ್ಲ. ಅದಕ್ಕೆ ಗೃಹ ಮಂತ್ರಾಲಯದ ಅನುಮತಿಯೋ, 5ನೆಯ ಕಲಮಿನಡಿ ಭಾರತೀಯರ ಅಪ್ರಾಪ್ತ ಮಕ್ಕಳನ್ನು ಪ್ರಜೆಗಳಾಗಿ ನೋಂದಾಯಿಸುವ ದಾರಿಯೋ ಹಿಡಿಯಬೇಕು. ಆ ಅರ್ಜಿ ಹೋಗುವುದು ಜಿಲ್ಲಾಧಿಕಾರಿಗಳ ಮೂಲಕ.

ಎರಡು ನೆಲದ ಮಕ್ಕಳು

ಅಮೆರಿಕದಲ್ಲಿ ಹುಟ್ಟಿದವರ ಸಮಸ್ಯೆ ತಿರುವುಮುರುವು. ಅಲ್ಲಿ ಪೌರತ್ವ ಕಡಿಮೆಬೀಳುವುದಿಲ್ಲ, ಹೆಚ್ಚಾಗುತ್ತದೆ. 1868ರ 14ನೆಯ ತಿದ್ದುಪಡಿಯಿಂದ ಆ ನೆಲದಲ್ಲಿ ಹುಟ್ಟಿದವರು ಆ ದೇಶದವರು. ತಾತ್ಕಾಲಿಕ ವೀಸಾದವರ ಮಕ್ಕಳಿಗೆ ಇದನ್ನು ತಪ್ಪಿಸಲು ಅಧ್ಯಕ್ಷ ಟ್ರಂಪ್ 2025ರ ಜನವರಿ 20ರಂದು ಹೊರಡಿಸಿದ ಆದೇಶವನ್ನು ಅಲ್ಲಿಯ ನ್ಯಾಯಾಲಯಗಳು ತಡೆದವು, ವ್ಯಾಜ್ಯ ಸುಪ್ರೀಂ ಕೋರ್ಟಿಗೆ ಹೋಯಿತು. ಎಚ್-1ಬಿ ವೀಸಾದ ಕನ್ನಡ ಕುಟುಂಬಗಳು ಭಾರತದ 4ನೆಯ ಕಲಮನ್ನು ಹುಡುಕಿ ಓದಲು ಆ ಆದೇಶವೂ ಕಾರಣವಾಯಿತು. ಅಲ್ಲಿಯವರೆಗೆ ಹೆಚ್ಚಿನವರು ಮಗುವಿಗೆ ಅಮೆರಿಕದ ಪಾಸ್‌ಪೋರ್ಟ್ ಮಾಡಿಸಿ, ಭಾರತದ ಸಾಗರೋತ್ತರ ಪೌರ ಎಂಬ ಒಸಿಐ ಚೀಟಿ ತೆಗೆದುಕೊಂಡು ಸುಮ್ಮನಾಗುತ್ತಿದ್ದರು. ಹೆಸರಿನಲ್ಲಿ ಪೌರ ಎಂದಿದ್ದರೂ ಒಸಿಐ ಪೌರತ್ವವಲ್ಲ. ಮತವಿಲ್ಲ, ಚುನಾವಣೆಗೆ ನಿಲ್ಲುವಂತಿಲ್ಲ, ಸರ್ಕಾರಿ ಹುದ್ದೆ ಇಲ್ಲ. ಭಾರತೀಯ ಮೂಲದವರಿಗೆ ಕೊಡುತ್ತಿದ್ದ ಹಳೆಯ ಪಿಐಒ ಚೀಟಿಯನ್ನು 2015ರ ಜನವರಿಯಲ್ಲಿ ಇದರೊಳಗೆ ಸೇರಿಸಲಾಯಿತು.

ಹೆತ್ತವರು ಪರದೇಶದ ಪೌರತ್ವ ಪಡೆದ ಮೇಲೆ ಮಕ್ಕಳ ಗತಿಯೇನು? 8ನೆಯ ಕಲಮಿನ ಪ್ರಕಾರ ತಂದೆ ಅಥವಾ ತಾಯಿ ಭಾರತೀಯ ಪೌರತ್ವವನ್ನು ಘೋಷಣೆ ಮಾಡಿ ತ್ಯಜಿಸಿದರೆ ಅಪ್ರಾಪ್ತ ಮಗುವಿನದೂ ಹೋಗುತ್ತದೆ. 18 ತುಂಬಿದ ಒಂದು ವರ್ಷದೊಳಗೆ ಮಗು ಅದನ್ನು ಮರಳಿ ಪಡೆಯಬಹುದು. ಆದರೆ ಪರದೇಶದ ಪೌರತ್ವ ಸ್ವೀಕರಿಸಿದ ಕ್ಷಣಕ್ಕೆ 9ನೆಯ ಕಲಮಿನಿಂದ ಭಾರತೀಯತೆ ತಾನಾಗಿ ಹೋಗುವುದು ಬೇರೆ ಸಂಗತಿ. ಸಿಂಗಾಪುರದ ಪೌರತ್ವ ಪಡೆದ ದಂಪತಿಗೆ, ಅದಾದ ಮೇಲೆ 1999ರಲ್ಲಿ ಹುಟ್ಟಿದ ಯುವಕನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2024ರ ಅಕ್ಟೋಬರ್ 18ರಂದು ಈ ಗೆರೆಯನ್ನು ಸ್ಪಷ್ಟವಾಗಿ ಎಳೆಯಿತು: ಹೆತ್ತವರದು ಸ್ವಇಚ್ಛೆಯ ತ್ಯಾಗಪತ್ರವಲ್ಲ, ಕಾನೂನಿನಿಂದ ತಾನಾಗಿ ಆದ ನಷ್ಟ, ಆದ್ದರಿಂದ 8ನೆಯ ಕಲಮಿನ ಮರಳಿಕೆ ಇವನಿಗಿಲ್ಲ. ಅವನು ಆಗ ಗರ್ಭದಲ್ಲಿದ್ದನೆಂಬ ವಾದವೂ ನಿಲ್ಲಲಿಲ್ಲ. ಮದ್ರಾಸ್ ಹೈಕೋರ್ಟ್ ಅವನ ಪರ ಕೊಟ್ಟಿದ್ದ ತೀರ್ಪು ಹೀಗೆ ಬಿದ್ದುಹೋಯಿತು.

ಬೇರೆ ದೇಶಗಳಲ್ಲೂ ಈ ಪ್ರಶ್ನೆ ತೂಗಾಡುತ್ತಲೇ ಇದೆ. ಬ್ರಿಟನ್ನಿನಲ್ಲಿ ಹೊರಗೆ ಹುಟ್ಟಿದ ಮಕ್ಕಳಿಗೆ ತಾಯಿ ಪೌರತ್ವ ದಾಟಿಸುವ ಹಕ್ಕು ಬಂದದ್ದು 1983ರ ಜನವರಿ 1ರಿಂದ. ಅಲ್ಲಿ ಇಂದಿಗೂ ವಂಶಾನುಗತ ಪೌರತ್ವ ಸಾಮಾನ್ಯವಾಗಿ ಒಂದು ತಲೆಮಾರಿಗೆ ನಿಲ್ಲುತ್ತದೆ. ಕೆನಡಾ 2009ರಲ್ಲಿ ಅಂಥದೇ ಗೆರೆ ಎಳೆದು, 2023ರ ಡಿಸೆಂಬರಿನಲ್ಲಿ ಒಂಟಾರಿಯೊ ನ್ಯಾಯಾಲಯದಿಂದ ಅದು ಸಂವಿಧಾನಕ್ಕೆ ವಿರುದ್ಧ ಎನಿಸಿಕೊಂಡಿತು. ತಾಯಿಗೆ ಸಮಾನ ಹಕ್ಕು ಕೊಡದ ದೇಶಗಳು ಜಗತ್ತಿನಲ್ಲಿ ಇನ್ನೂ ಇಪ್ಪತ್ತಕ್ಕೂ ಹೆಚ್ಚಿವೆ, ಕೊಲ್ಲಿಯವು ಅದರಲ್ಲಿ ಸೇರಿವೆ. ಭಾರತದ ಕಾನೂನು ತಾಯಿಯ ವಿಷಯದಲ್ಲಿ ಇವುಗಳಿಗಿಂತ ಮುಂದಿದೆ, ನೋಂದಣಿಯ ವಿಷಯದಲ್ಲಿ ಅನೇಕ ದೇಶಗಳಿಗಿಂತ ಬಿಗಿ.

ಹೊಲ ಮತ್ತು ಸೀಟು

ಊರಿನ ಮಟ್ಟಿಗೆ ಪೌರತ್ವದ ಬೆಲೆ ಗೊತ್ತಾಗುವುದು ಎರಡು ಕಡೆ. ಒಂದು ಹೊಲ. ವಿದೇಶಿ ವಿನಿಮಯ ನಿಯಮಗಳ ಪ್ರಕಾರ ಅನಿವಾಸಿ ಭಾರತೀಯನಾಗಲಿ ಒಸಿಐ ಚೀಟಿದಾರನಾಗಲಿ ಕೃಷಿಭೂಮಿ ಕೊಳ್ಳುವಂತಿಲ್ಲ. ಆದರೆ ಇಲ್ಲಿ ವಾಸವಿದ್ದ ಹಿರಿಯರಿಂದ ವಾರಸುದಾರಿಕೆಯಲ್ಲಿ ಬಂದದ್ದನ್ನು ಇಟ್ಟುಕೊಳ್ಳಬಹುದು. ಹಾಗಾಗಿ ಆಳಂದ ತಾಲ್ಲೂಕಿನ ನಿಂಬರ್ಗಾದ ಅಜ್ಜ ತೀರಿಕೊಂಡಾಗ ಅಮೆರಿಕದ ಮೊಮ್ಮಗನ ಹೆಸರೂ ಪೌತಿ ಖಾತೆಯ ಅರ್ಜಿಯಲ್ಲಿ ಬರಬಹುದು, ಪಹಣಿಯಲ್ಲಿ ಸೇರಬಹುದು. ಅದೇ ಮೊಮ್ಮಗ ಪಕ್ಕದ ಎರಡು ಎಕರೆ ಕೊಂಡು ಹೊಲ ದೊಡ್ಡದು ಮಾಡುವಂತಿಲ್ಲ. ಭಾರತೀಯ ಪೌರತ್ವ ಉಳಿಸಿಕೊಂಡ ಸೌದಿಯ ಮೊಮ್ಮಗ ಅನಿವಾಸಿಯಾಗಿರುವಷ್ಟು ದಿನ ಅವನಿಗೂ ಇದೇ ಕಟ್ಟು. ಊರಿಗೆ ಮರಳಿ ನೆಲೆಸಿದರೆ ಕಟ್ಟು ಕಳಚುತ್ತದೆ. ಮರಳುವ ಹಕ್ಕು ಇಬ್ಬರಿಗೂ ಇದ್ದರೂ ಮರಳಿದ ಮೇಲಿನ ಹಕ್ಕು ಒಬ್ಬನಿಗೆ ಮಾತ್ರ ಪೂರ್ತಿ.

ಇನ್ನೊಂದು ವೃತ್ತಿಶಿಕ್ಷಣದ ಸೀಟು. ಒಸಿಐ ವಿದ್ಯಾರ್ಥಿಗಳನ್ನು ಭಾರತೀಯರಂತೆ ಕಾಣಬೇಕೋ ಅನಿವಾಸಿ ಕೋಟಾಕ್ಕೆ ತಳ್ಳಬೇಕೋ ಎಂಬ ವಿವಾದ ಕರ್ನಾಟಕ ಹೈಕೋರ್ಟಿನ ಮುಂದೆಯೂ ಬಂದಿತ್ತು. ಕೇಂದ್ರ ಸರ್ಕಾರ 2021ರ ಮಾರ್ಚ್ 4ರ ಅಧಿಸೂಚನೆಯಿಂದ ಅವರನ್ನು ಅನಿವಾಸಿ ಕೋಟಾಕ್ಕೆ ಸೀಮಿತಗೊಳಿಸಿತು. ಆ ದಿನಕ್ಕಿಂತ ಮೊದಲು ಚೀಟಿ ಪಡೆದವರಿಗೆ ಅದು ತಾಗದೆಂದು ಸುಪ್ರೀಂ ಕೋರ್ಟ್ 2023ರ ಫೆಬ್ರವರಿ 3ರಂದು ಹೇಳಿತು.

ಇದರ ಮೇಲೆ, ಕಲಬುರಗಿಯೂ ಸೇರಿದ ಕಲ್ಯಾಣ ಕರ್ನಾಟಕದ್ದೇ ಆದ ಇನ್ನೊಂದು ಪದರವಿದೆ. ಸಂವಿಧಾನದ 98ನೆಯ ತಿದ್ದುಪಡಿ ತಂದ 371(ಜೆ) ವಿಧಿಯಡಿ ಈ ಪ್ರದೇಶದ ಕಾಲೇಜುಗಳಲ್ಲಿ ಶೇ. 70 ಸೀಟುಗಳು ಸ್ಥಳೀಯರಿಗೆ ಮೀಸಲು. ಸ್ಥಳೀಯ ಎನ್ನಿಸಿಕೊಳ್ಳಲು ಬೇಕಾದ ಅರ್ಹತಾ ಪತ್ರ ಕೊಡುವುದು ಉಪವಿಭಾಗಾಧಿಕಾರಿ. ಅಲ್ಲಿ ಹುಟ್ಟು ಮತ್ತು ನೆಲೆಸಿದ ಅವಧಿ ಲೆಕ್ಕಕ್ಕೆ ಬರುತ್ತವೆ. ಜಿದ್ದಾದಲ್ಲಿ ಹುಟ್ಟಿ, ಸರಿಯಾಗಿ ನೋಂದಣಿಯಾಗಿ, ಭಾರತದ ಪಾಸ್‌ಪೋರ್ಟ್ ಹಿಡಿದ ಹುಡುಗಿ ಭಾರತದ ಪ್ರಜೆ ಎಂಬುದರಲ್ಲಿ ಯಾರಿಗೂ ಸಂಶಯವಿಲ್ಲ. ಆದರೆ ಜೇವರ್ಗಿಯ ಮಗಳು ಎಂದು ಸಾಬೀತು ಮಾಡಲು ಅವಳು ಅಪ್ಪನ ಟಿಸಿ, ಅಜ್ಜನ ಪಹಣಿ, ಮನೆಯ ಪಡಿತರ ಚೀಟಿಗಳನ್ನು ಜೋಡಿಸಿಕೊಂಡು ಕಲಬುರಗಿಯ ಕಚೇರಿಯಲ್ಲಿ ಇನ್ನೊಂದು ಸಾಲಿನಲ್ಲಿ ನಿಲ್ಲಬೇಕು.